ಕೆಂಪು ಔಷಧಿಯ ಸೀಸೆ

ಎಪ್ಪತ್ತರ ದಶಕದಲ್ಲಿ ಮಳವಳ್ಳಿ ಹತ್ತಿರದ ನಮ್ಮ ಶಾಲೆಗೆ ನರ್ಸು ಬಂದದ್ದನ್ನು ನಾನು ಕಾಣೆ. ಗೋಡೆಗೆ ಔಷಧಿ ಪೆಟ್ಟಿಗೆಯೊಂದನ್ನು ನೇತುಹಾಕಿದ್ದರು. ಹಸಿರು ಬಣ್ಣದ್ದು ಅಂತ ನೆನಪು, ನಂಬಬೇಡಿ.

ಒಂದು ದಿನ ಗೆಳತಿಯ ಪಾದಕ್ಕೆ ಕಬ್ಬಿನ ಕೂಳೆ ಚುಚ್ಚಿತು. ಮೇಷ್ಟ್ರು ಪೆಟ್ಟಿಗೆಯ ಕೆಂಪು ಔಷಧಿಯನ್ನು ಗಾಯಕ್ಕೆ ಸುರಿದರು.

"ಉರೀತಾನೇ ಇಲ್ಲ ಕಣಮ್ಮಿ, ಒಳ್ಳೆ ಔಸ್ದಿ," ಎಂದು ಅವಳು ನನ್ನತ್ತ ನಕ್ಕಳು.

ರಕ್ತ ನಿಲ್ಲಲಿಲ್ಲ. ಶಾಲೆಯ ಜವಾನ ಅವಳನ್ನು ಹೊತ್ತು ಬಸ್ಸು ಹತ್ತಿಸಿದ, ನಾನೂ ಹೋದೆ. ಆಸ್ಪತ್ರೆಯ ನರ್ಸು ಒರೆಸಿದಷ್ಟೂ ಹತ್ತಿ ಕೆಂಪಾಯಿತು.

"ಅಯ್ಯೋ, ಇದು ಶಾಯಿ! ಗಾಯ ಎಲ್ಲಿ ಅಂತ ಹುಡುಕ್ಲಿ?" ಎಂದು ಚೀರಿದರು.

ಇನ್‌ಸ್ಪೆಕ್ಟರು ಶಾಲೆ ತಪಾಸಣೆಗೆ ಬರುತ್ತಾರೆಂದು ಜವಾನ ಖಾಲಿ ಸೀಸೆಗೆ ಶಾಯಿ ತುಂಬಿದ್ದ. ಯಾವಾಗಲೂ ನಾನು ಹೇಳುವುದು ಇಷ್ಟೇ. ಆದರೆ ಅವನು ತುಂಬುವಾಗ ಸೀಸೆ ಹಿಡಿದಿದ್ದವಳು ನಾನು. ಮೇಷ್ಟ್ರು ಅದನ್ನು ಗಾಯಕ್ಕೆ ಸುರಿಯುವಾಗಲೂ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.