ಸಂಡೂರಿನ ಕಂಪ್ಯೂಟರಿನಲ್ಲಿ ಇಲ್ಲದ ಟ್ಯಾಬ್

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊನ್ನೆ ನಡೆದು ಹೋಗುವಾಗ ಹೊಸ ಫ್ಲೆಕ್ಸ್‌ನ ಘಾಟು ಮೂಗಿಗೆ ಬಡಿಯಿತು. ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಅಂಗಡಿಯ ಮುಂದೆ ಒಣಗಲು ಹಾಸಿದ್ದರು. ತಲೆ ಎತ್ತಿ ಮಹಡಿಯತ್ತ ನೋಡಿದೆ. ಅಲ್ಲಿ ಈಗ ಯಾರದೋ ಗೋದಾಮು. ಹಿಂದೆ ಕಂಪ್ಯೂಟರ್ ಕ್ಲಾಸ್ ಇತ್ತು. ಕೆಳಗಿನಿಂದ ಏರಿ ಬರುವ ಇದೇ ಘಾಟಿನಲ್ಲಿ ನಾವು ಎಕ್ಸೆಲ್ ಕಲಿತೆವು. ಕಲಿಸಿದವರನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದೆವು…

ಅವರ ಕಂಪ್ಯೂಟರುಗಳಲ್ಲಿ ಎಕ್ಸೆಲ್ ತೆರೆದರೆ ಮೇಲುಗಡೆ ಇಂಗ್ಲಿಷ್ ಇರುತ್ತಿರಲಿಲ್ಲ. ಹೋಮ್, ಇನ್ಸರ್ಟ್, ಡೇಟಾ ಎಂಬ ಟ್ಯಾಬ್‌ಗಳನ್ನು ಸೆಟ್ಟಿಂಗ್ಸ್‌ಗೆ ಹೋಗಿ ಮರೆಮಾಡಿದ್ದರು. ಆ ಜಾಗದಲ್ಲಿ ತಾವೇ ಒಂದು ಟ್ಯಾಬ್ ಮಾಡಿ ‘ನಮ್ಮ ಕೆಲಸ’ ಎಂದು ಹೆಸರಿಟ್ಟಿದ್ದರು. ಬೇಕಾದ ಗುಂಡಿಗಳನ್ನಷ್ಟೇ ಅದರೊಳಗೆ ತಂದು ಕನ್ನಡದ ಹೆಸರು ಕೊಟ್ಟಿದ್ದರು. ಫಿಲ್ಟರ್‌ಗೆ ‘ಜರಡಿ’. ಮೇಲಿನ ಸಾಲು ಸರಿಯದಂತೆ ನಿಲ್ಲಿಸಲು ‘ಮೊಳೆ ಹೊಡಿ’. ಎರಡು ಚೌಕಗಳನ್ನು ಒಂದು ಮಾಡಲು ‘ಗೋಡೆ ಕೆಡವು’. ತಪ್ಪು ಮಾಡಿ ಹಿಂದಕ್ಕೆ ಹೋಗಲು ‘ಅಯ್ಯೋ’.

“ಲೇ ತಮ್ಮಾ, ಬರೇ ಬಾಯಿಲೆ ಅಯ್ಯೋ ಅನಬ್ಯಾಡ, ಗುಂಡಿ ಒತ್ತು,” ಎಂದು ನನಗೆ ದಿನವೂ ಮೇಡಂ ಬೈಗುಳ. ಆ ಟ್ಯಾಬ್ ಅವರು ಮಾಡಿದ್ದೆಂದು ನಮಗೆ ಆಗ ಗೊತ್ತಿರಲಿಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆವು.

ನನ್ನ ಪಕ್ಕ ಕೂರುತ್ತಿದ್ದವರು ಮೆಟ್ರಿ ಎಂಬ ಹಳ್ಳಿಯವರು, ನಾನು ಅಕ್ಕ ಎನ್ನುತ್ತಿದ್ದೆ. ಕಂಪ್ಲಿಗೆ ಬಂದು ಬಸ್ ಹಿಡಿಯುತ್ತಿದ್ದರು. ಮೂರು ತಿಂಗಳೊಳಗೆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಮತ್ತೆ ಭತ್ತದ ನಾಟಿಗೆ ಎಂದು ಹೇಳಿಯೇ ಮನೆಯವರು ಕಳಿಸಿದ್ದರು. ಇಂಗ್ಲಿಷ್ ಕಂಡರೆ ಬೆವರುತ್ತಿದ್ದ ಅವರ ಕೈ, ‘ನಮ್ಮ ಕೆಲಸ’ದಲ್ಲಿ ನನಗಿಂತ ಚುರುಕಾಯಿತು.

ಮೂರನೆಯ ತಿಂಗಳು ಸಂಡೂರಿನ ಅದಿರು ಕಂಪನಿಯೊಂದು ಕಂಪ್ಯೂಟರ್ ಕೆಲಸಕ್ಕೆ ಪರೀಕ್ಷೆ ಕರೆಯಿತು. ನಾವಿಬ್ಬರೂ ಹೊರಟೆವು. ಮೇಡಂ ಕೂಡ ಬಂದರು. ಐದು ನಿಮಿಷ ತಮ್ಮನ್ನೂ ಒಳಗೆ ಬಿಡಿ ಎಂದು ಬಾಗಿಲಲ್ಲಿ ಕೇಳಿದರು. ಬಿಡಲಿಲ್ಲ. ಯಾಕೆ ಕೇಳಿದರೆಂದು ನಮಗೆ ತಿಳಿಯಲಿಲ್ಲ.

ಒಳಗೆ ಎಕ್ಸೆಲ್ ತೆರೆದೆ. ‘ನಮ್ಮ ಕೆಲಸ’ ಇರಲಿಲ್ಲ. ಉದ್ದಕ್ಕೂ ಇಂಗ್ಲಿಷ್. ಮುಚ್ಚಿ ಮತ್ತೆ ತೆರೆದೆ. ಇರಲಿಲ್ಲ. ಪಕ್ಕದಲ್ಲಿ ಅಕ್ಕ ಎದ್ದು ನಿಂತಿದ್ದರು.

“ಸಾರ್, ಜರಡಿ ಎಲ್ಲೈತ್ರಿ?”

“ಜರಡೀನಾ? ಅದು ಗುಡ್ಡದ ಮ್ಯಾಲೆ ಕ್ರಷರ್ ಹತ್ರ ಐತಿ ನೋಡಮ್ಮ,” ಎಂದರು ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿ. ಕೋಣೆಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ, ಕೂರಲೂ ಇಲ್ಲ.

ಅಧಿಕಾರಿ ಕೆಟ್ಟವರಾಗಿರಲಿಲ್ಲ. ಕಲಿಸಿದವರು ಹೊರಗೇ ಇದ್ದಾರೆಂದು ತಿಳಿದು ಮೇಡಂ ಅವರನ್ನು ಒಳಗೆ ಕರೆಸಿದರು. “ಫಿಲ್ಟರ್ ಎಲ್ಲೈತಂತ ಒಂದ್ಸಲ ತೋರಿಸ್ರಿ ಮೇಡಂ. ಇವ್ರಿಗೆ ಹತ್ತು ನಿಮಿಷ ಹೆಚ್ಚಿಗಿ ಕೊಡ್ತೀನಿ.”

ಮೇಡಂ ಅಕ್ಕನ ಕುರ್ಚಿಯಲ್ಲಿ ಕುಳಿತರು. ಬಾಣದ ಗುರುತು ಹೋಮ್‌ಗೆ ಹೋಯಿತು, ಇನ್ಸರ್ಟ್‌ಗೆ ಹೋಯಿತು, ಹಿಂದಕ್ಕೆ ಬಂತು. ಫಿಲ್ಟರ್ ಇರುವ ಡೇಟಾ ಎಂಬ ಅಕ್ಷರಗಳ ಮೇಲೆಯೇ ಹಾದುಹೋಯಿತು, ನಿಲ್ಲಲಿಲ್ಲ. ಮತ್ತೆ ಹೋಮ್… ಮೇಡಂ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಅವರಿಗೂ ಗೊತ್ತಿಲ್ಲ ಎಂದು ನನಗೆ ಹೊಳೆದದ್ದು ಆಗ. ನಂತರ ವರದಿಗಾರನಾಗಿ ಅಪಘಾತ, ಬೆಂಕಿ ಎಷ್ಟೋ ನೋಡಿದ್ದೇನೆ. ಆ ಬೆಳಗ್ಗೆ ಆದಂಥ ಆಘಾತ ಯಾವುದರಿಂದಲೂ ಆಗಿಲ್ಲ.

ಅಕ್ಕ ಬಗ್ಗಿ ಮೇಡಂ ಭುಜದ ಮೇಲೆ ಕೈಯಿಟ್ಟರು. “ಸಾರ್, ಮೇಡಂಗೆ ಬಸ್ಸಿನಾಗ ತಲಿ ಸುತ್ತಿತ್ರಿ. ಒಂದೀಟು ನೀರು ಕೊಡ್ರಿ.”

ತಲೆ ಸುತ್ತಿರಲಿಲ್ಲ. ನೀರು ಬಂತು. ಮೇಡಂ ಕುಡಿದು ಎದ್ದರು. ಪರೀಕ್ಷೆಯ ಸಮಯ ಮುಗಿಯಿತು. ಕೆಲಸ ಇಬ್ಬರಿಗೂ ಸಿಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: “ನಾನು ಕಲ್ತಿದ್ದು ಹಳೇ ಎಕ್ಸೆಲ್ನಾಗ. ಹೊಸಾದು ಬಂದಾಗ ಎಲ್ಲಾ ಜಾಗ ಬದ್ಲಾತು, ನನಗ ಏನೂ ಸಿಗಲಿಲ್ಲ. ಸೆಟ್ಟಿಂಗ್ಸ್‌ನಾಗ ಹೆಸರು ಹುಡುಕಿ ಹುಡುಕಿ ಒಂದ್ಕಡೆ ತಂದಿಟ್ಕೊಂಡೆ. ಮದ್ಲು ನನಗಂತ, ಆಮ್ಯಾಲೆ ನಿಮಗಂತ. ಈ ಟ್ಯಾಬ್ ಬ್ಯಾರೆ ಕಡೆ ಇರಂಗಿಲ್ಲಂದ್ರ ಹೆದರಿ ಬಿಡ್ತೀರಂತ ಹೇಳಲಿಲ್ಲ. ಇವತ್ತು ಐದು ನಿಮಿಷ ಒಳಗ ಬಿಟ್ರ ನಾನ ಕುಂತು ತೋರಿಸಿದ್ರಾತು, ಹುಡುಕಿದ್ರ ಸಿಕ್ಕೀತು ಅನ್ಕೊಂಡಿದ್ದೆ…”

ಆ ತಿಂಗಳೇ ಮೇಡಂ ಕ್ಲಾಸ್ ಮುಚ್ಚಿದರು. ಅಕ್ಕ ನಾಟಿಗೆ ಹೋದರು.

ಅಕ್ಕ ಈಗ ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿದ್ದಾರೆ. ಇಂಗ್ಲಿಷ್ ಟ್ಯಾಬ್‌ಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ ತಾವೇ ಕಲಿತರಂತೆ. ಈ ವಾರ ಹೋಗಿ ಕಂಡೆ. ನಾನು ಮೇಡಂ ಬಗ್ಗೆ ವಿಚಾರಿಸಿದಾಗ ಅವರ ಕೈ ಕೀಬೋರ್ಡ್ ಮೇಲೆ ನಿಂತಿತು.

“ನಿಮಗ ಗೊತ್ತಿಲ್ಲೇನ್ರಿ? ಹೋದ ವರ್ಷನ ಹೋಗಿಬಿಟ್ರು. ತಂಗಿ ಮನಿಯಾಗಿದ್ರಂತ. ನನಗೂ ತಡವಾಗಿ ತಿಳೀತು.” ಕೀಬೋರ್ಡಿನಿಂದ ಕೈ ತೆಗೆದು ಹೇಳಿದರು: “ಸಂಡೂರಿನ ಕೆಲ್ಸ ಹೋತಂತ ನನಗ ಬ್ಯಾಸರಿಲ್ಲ. ಆ ಕುರ್ಚಿಯಿಂದ ಎದ್ದ ಮ್ಯಾಲೆ ಮೇಡಂ ಮತ್ತ ಯಾರಿಗೂ ಕಲಿಸಲಿಲ್ಲಲ್ರಿ…”

ಪತ್ರಿಕೆಯ ಕಚೇರಿಗೆ ಬಂದು, ಕಳೆದ ವರ್ಷದ ಸಂಚಿಕೆಗಳನ್ನೆಲ್ಲ ತೆಗೆದು ನೋಡಿದೆ. ಮೇಡಂ ನಿಧನದ ಸುದ್ದಿ ಎಲ್ಲೂ ಇಲ್ಲ. ನಮ್ಮ ಪತ್ರಿಕೆಯಲ್ಲಿ ನಿಧನ ವಾರ್ತೆ ನೋಡಿಕೊಳ್ಳುವವನು ನಾನೇ. ಯಾರೂ ಕಳಿಸಿರಲಿಲ್ಲ.