ಇನ್ನೂರ ಹನ್ನೆರಡು ಬೀಗ ಬದಲಾಯಿಸಿದ ಹಂಸ ಮಿಸ್

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತೆಂಗಿನಕಾಯಿ ಲಾರಿಗಳು ಅಡ್ಡಾದಿಡ್ಡಿಯಾಗಿ ನಿಂತಿವೆ. ಸೀರೆಯ ನೆರಿಗೆ ಎತ್ತಿ ಹಿಡಿದು ಅವುಗಳ ಸಂದಿಯಲ್ಲಿ ನುಸುಳಿಕೊಂಡು ಬರುವ ಹಂಸ ಅವರು ಬಗ್ಗಿ ಶಟರ್ ಎತ್ತುತ್ತಾರೆ. ಅದು ಅರ್ಧಕ್ಕೆ ಬಂದು ಹಟ ಹಿಡಿಯುತ್ತದೆ. ಮೊಣಕಾಲಿನಿಂದ ಒಂದು ಗುದ್ದು ಬಿದ್ದ ಮೇಲೆ ಉಳಿದರ್ಧ ತೆಪ್ಪಗೆ ಮೇಲೇರುತ್ತದೆ. ಒಳಗೆ ಗೋಡೆಗುಂಟ ಆರು ಕಂಪ್ಯೂಟರ್, ಮೂಲೆಯಲ್ಲಿ ಮುಸುಕು ಹೊದ್ದ ಎರಡು ಟೈಪ್‌ರೈಟರ್.

ಹಂಸ ಮೊದಲು ದೀಪ ಹಚ್ಚುವುದಿಲ್ಲ, ಕಸ ಗುಡಿಸುವುದಿಲ್ಲ. ಆರೂ ಕಂಪ್ಯೂಟರ್ ಹಾಕಿ, ನಿನ್ನೆ ಕೂತಿದ್ದವರು ಯಾರಾದರೂ ತಮ್ಮ ಮೇಲ್ ಮುಚ್ಚದೆ ಎದ್ದು ಹೋಗಿದ್ದಾರೆಯೇ ಎಂದು ನೋಡುತ್ತಾರೆ. ಇವತ್ತು ಮೂರನೆಯದರಲ್ಲಿ ಒಬ್ಬರದ್ದು ತೆರೆದೇ ಇದೆ. ಹಂಸ ಓದುವುದಿಲ್ಲ. ಹೆಸರಷ್ಟೇ ನೋಡಿ, ಮುಚ್ಚಿ, ಸ್ಲೇಟಿನ ಮೇಲೆ ಬರೆದುಕೊಳ್ಳುತ್ತಾರೆ. ಆ ಹೆಸರಿನವನಿಗೆ ಸಂಜೆ ಮಂಗಳಾರತಿ ಕಾದಿದೆ.

ಆರಕ್ಕೆ ಸರಿಯಾಗಿ ಒಂಬತ್ತು ಮಕ್ಕಳು ಬರುತ್ತಾರೆ. ಎಲ್ಲರೂ ಹೈಸ್ಕೂಲಿನವರು, ಅರ್ಧ ಜನರ ಕಣ್ಣಲ್ಲಿ ಇನ್ನೂ ನಿದ್ದೆ. ಐದು ನಿಮಿಷ ಆಗುವಷ್ಟರಲ್ಲಿ ಒಬ್ಬ ಹುಡುಗಿ "ಬೀಗ!" ಎಂದು ಕೂಗುತ್ತಾಳೆ. ಮಿಕ್ಕ ಎಂಟೂ ಮಂದಿ ಥಟ್ಟನೆ ಮುಖ ತಿರುಗಿಸಿ ಗೋಡೆ ನೋಡುತ್ತಾರೆ. ಹಂಸ ಕೂಡ. ಹುಡುಗಿ ತನ್ನ ಪಾಸ್‌ವರ್ಡ್ ಒತ್ತಿ "ಆಯ್ತು ಮಿಸ್" ಎಂದ ಮೇಲೆಯೇ ಎಲ್ಲರ ಕತ್ತು ಸ್ವಸ್ಥಾನಕ್ಕೆ ಮರಳುತ್ತದೆ. ಇಲ್ಲಿ ಪಾಸ್‌ವರ್ಡಿಗೆ ಬೀಗ ಅನ್ನುವುದು ರೂಢಿ, ಬೀಗ ಹಾಕುವಾಗ ಪಕ್ಕದವರು ನೋಡುವುದು ಮಹಾ ಅಸಭ್ಯ. ಹೊಸದಾಗಿ ಬಂದವರು ನಗುತ್ತಾರೆ, ಮೂರನೆಯ ದಿನಕ್ಕೆ ಅವರೂ ಗೋಡೆ ನೋಡುತ್ತಿರುತ್ತಾರೆ.

ಇವತ್ತಿನ ಪಾಠ, ಪರಿಚಯವಿಲ್ಲದವರ ಜತೆ ಚಾಟ್ ಮಾಡುವುದು. ಹಂಸ ತಾವೇ ಅಪರಿಚಿತೆಯಾಗಿ ಒಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ, ಎಂಟನೇ ತರಗತಿಯ ಅನ್ವಿತಾ ಎದುರಿನದರಲ್ಲಿ. "ಯಾವೂರು?" ಎಂದು ಇವರು ಒತ್ತುತ್ತಾರೆ. ಉತ್ತರ ಬರುತ್ತದೆ. "ಯಾರ ಮಗಳು?" ಅದಕ್ಕೂ ಬರುತ್ತದೆ. ಆರು ಪ್ರಶ್ನೆ ಮುಗಿಯುವಷ್ಟರಲ್ಲಿ ಅನ್ವಿತಾ ಮನೆಯ ಬೀದಿ, ಶಾಲೆ, ಮನೆಗೆ ಮರಳುವ ಬಸ್ಸು, ಅಪ್ಪ ಊರಲ್ಲಿಲ್ಲ ಎನ್ನುವುದು ಎಲ್ಲ ಹೇಳಿ ಮುಗಿಸಿದ್ದಾಳೆ.

"ಇಷ್ಟೆಲ್ಲ ಯಾಕೇ ಹೇಳಿದೆ?" ಎಂದು ಹಂಸ ಕೇಳುತ್ತಾರೆ.

"ಕೇಳಿದ್ರಲ್ಲ ಮಿಸ್," ಎನ್ನುತ್ತಾಳೆ ಅನ್ವಿತಾ, ತನ್ನದೇನು ತಪ್ಪು ಎಂಬಂತೆ.

ಹಂಸ ಅವರಿಗೆ ಸಿಟ್ಟು ಬರುವುದಿಲ್ಲ. ಬರೆದುಕೊಳ್ಳುತ್ತ ಕೂತ ನನ್ನ ಕಡೆ ತಿರುಗುತ್ತಾರೆ. "ನೋಡಿ, ನಮ್ಮ ಕಡೆ ಬಸ್ಸಲ್ಲಿ ಪಕ್ಕ ಕೂತೋರೂ ಯಾವೂರು, ಯಾರ ಪೈಕಿ ಅಂತ ಕೇಳ್ತಾರೆ. ಹೇಳ್ದೆ ಇದ್ರೆ ಕೊಬ್ಬು ಅಂತಾರೆ. ಮಕ್ಕಳು ಆ ಮರ್ಯಾದೇನ ಇಲ್ಲಿಗೂ ತರ್ತಾವೆ. ಮರ್ಯಾದೆ ಬಿಡಿ ಅಂತ ನಾನು ಹೇಳೋ ಹಾಗಿಲ್ಲ. ಮುಖ ಕಾಣೋರಿಗೆ ಮಾತ್ರ ಇಟ್ಕೊಳಿ ಅಂತೀನಿ."

ಹಂಸ ಅವರಿಗೆ ಈಗ ನಲವತ್ತೇಳು. ಹುಟ್ಟಿದ್ದು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ಹೆಣ್ಣುಮಕ್ಕಳ ಕೈಗೊಂದು ಕಸುಬು ಇರಲೇಬೇಕೆಂದು ಪಟ್ಟು ಹಿಡಿದ ತಾಯಿ ಶ್ರೀರಂಗಮ್ಮ, ಮಗಳನ್ನು ಹಾಸನಕ್ಕೆ ಓಡಾಡಿಸಿ ಇಂಗ್ಲಿಷ್, ಕನ್ನಡ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿಸಿದರು. ಚನ್ನರಾಯಪಟ್ಟಣದ ಹೈಸ್ಕೂಲ್ ಮೇಷ್ಟ್ರು ಸಂಪತ್ಕುಮಾರ ಅವರನ್ನು ಮದುವೆಯಾಗಿ ಬಂದ ಎರಡು ವರ್ಷಕ್ಕೆ, 1990ರಲ್ಲಿ, ಇದೇ ಮಳಿಗೆಯಲ್ಲಿ ನಾಲ್ಕು ಹಳೆಯ ಯಂತ್ರ ಇಟ್ಟುಕೊಂಡು ಟೈಪಿಂಗ್ ಶಾಲೆ ತೆರೆದರು. ಆಗ ಬೆಳಗಿನ ಆರರ ತರಗತಿಗೆ ಜಾಗ ಸಿಗಬೇಕಾದರೆ ಶಿಫಾರಸು ಬೇಕಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಟೈಪಿಂಗ್ ಕೇಳುವವರೇ ಇಲ್ಲವಾದರು, ಅರವತ್ತು ಇದ್ದ ಮಕ್ಕಳು ಒಂಬತ್ತಕ್ಕೆ ಇಳಿದರು. 2001ರಲ್ಲಿ ಎರಡು ಕಂಪ್ಯೂಟರ್ ಬಂದವು, ಫೋನಿನ ತಂತಿಯಲ್ಲಿ ಕೀರಲು ದನಿಯ ಇಂಟರ್ನೆಟ್ ಬಂತು. ಜತೆಗೆ ಹಂಸ ಅವರ ಬದುಕಿನ ದೊಡ್ಡ ತಪ್ಪೂ ಒಳಗೆ ಕಾಲಿಟ್ಟಿತು.

ಮೇಲ್ ತೆರೆಯಲು ಬಂದವರೆಲ್ಲ ಅವರ ಹಳೆಯ, ಹೊಸ ಟೈಪಿಂಗ್ ಶಿಷ್ಯರೇ. ಪಾಸ್‌ವರ್ಡ್ ಏನಿಡಬೇಕು ಮಿಸ್ ಎಂದು ಕೇಳಿದವರಿಗೆ ಹಂಸ ಹೇಳಿದ್ದು ಒಂದೇ: "ಮೊದಲನೇ ಪಾಠ ಇಟ್ಕೊಳಿ, ಜನ್ಮದಲ್ಲಿ ಮರೆಯಲ್ಲ." ಟೈಪಿಂಗ್ ಕಲಿತವರ ಮೊದಲ ಪಾಠ ಎಡಗೈಯ ಆರು ಅಕ್ಷರ: ಎ ಎಸ್ ಡಿ ಎಫ್ ಜಿ ಎಫ್. ತಿಂಗಳುಗಟ್ಟಲೆ ಅದನ್ನೇ ಕುಟ್ಟಿದ ಬೆರಳುಗಳು ನಿದ್ದೆಯಲ್ಲೂ ಒತ್ತುತ್ತವೆ. ಹಾಗೆ ಮೂರೂವರೆ ವರ್ಷದಲ್ಲಿ ಇನ್ನೂರ ಹನ್ನೆರಡು ಮಕ್ಕಳ ಮೇಲ್‌ಗೆ ಒಂದೇ ಬೀಗ ಬಿತ್ತು. ಇನ್ನೂರ ಹದಿಮೂರನೆಯದು ಸ್ವತಃ ಹಂಸ ಅವರದ್ದು.

ದಂಡಿಗನಹಳ್ಳಿಯ ಸೌಜನ್ಯ ಆ ಪೈಕಿ ಒಬ್ಬಳು. 2004ರ ನವೆಂಬರಿನಲ್ಲಿ ಅವಳು ಎರಡನೇ ಪಿಯುಸಿ. ಯಾರೋ ಅವಳ ಮೇಲ್ ತೆರೆದು, ಅವಳ ಹೆಸರಿನಲ್ಲಿ ಕಾಲೇಜಿನ ಇಬ್ಬರು ಹುಡುಗರಿಗೆ ಬರೆಯಬಾರದ ಕಾಗದ ಬರೆದರು. ಅದರ ಪ್ರಿಂಟು ಕೈಯಿಂದ ಕೈಗೆ ಹೋಗಿ ಒಂದು ಸಂಜೆ ದಂಡಿಗನಹಳ್ಳಿ ಬಸ್ಸಿನಲ್ಲಿ ಅವಳ ತಂದೆ ನಂಜಪ್ಪನವರ ಕೈ ಸೇರಿತು. ಮಾರನೆಯ ದಿನದಿಂದ ಸೌಜನ್ಯ ಕಾಲೇಜಿಗೆ ಬರಲಿಲ್ಲ. ಹೊಸವರ್ಷದ ಒಳಗೆ ಬರದಿದ್ದರೆ ಹಾಜರಿ ಸಾಲದೆ ಪರೀಕ್ಷೆ ತಪ್ಪುತ್ತಿತ್ತು, ಪರೀಕ್ಷೆ ತಪ್ಪಿದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು.

ಸುದ್ದಿ ಕೇಳಿದ ದಿನ ಹಂಸ ಊಟ ಮಾಡಲಿಲ್ಲ. ಬೀಗ ಒಡೆದವರು ಯಾರೇ ಆಗಲಿ, ಬೀಗದ ಕೈ ಊರಿಗೆಲ್ಲ ಹಂಚಿದ್ದು ತಾನೇ ಎಂದು ಅವರಿಗೆ ಹೊಳೆದಿತ್ತು. ಮಾರನೆಯ ಬೆಳಿಗ್ಗೆಯೇ ದಂಡಿಗನಹಳ್ಳಿ ಬಸ್ಸು ಹತ್ತಿದರು. ನಂಜಪ್ಪನವರು ಜಗಲಿಯಲ್ಲಿ ಕೂರಿಸಿ, ಹೆಂಡತಿಯಿಂದ ಕಾಫಿ ಕೊಡಿಸಿದರು. ಮಾತು ಮಾತ್ರ ತಲೆಗೆ ಹಾಕಿಕೊಳ್ಳಲಿಲ್ಲ.

"ಎಸ್ರು ನೋಡುದ್ರೆ ಅವ್ಳ್ದೇ ಐತೆ. ಬರ್ದೋರು ಬ್ಯಾರೆ ಅಂತೀರಿ. ಅದೆಂಗ್ ಆಯ್ತದೆ ಮೇಡಮ್ಮೋರೆ? ನಿಮ್ಮನ್ ಕಂಡ್ರೆ ಗೌರವ ಐತೆ, ಈ ಮಾತ್ ಮಾತ್ರ ಬ್ಯಾಡಿ."

ಒಳಗಿನ ಬಾಗಿಲ ಹಿಂದೆ ಸೌಜನ್ಯ ಅಳುವುದು ಕೇಳಿಸುತ್ತಿತ್ತು. ಹಂಸ ಒಂದೇ ಒಂದು ಮಾತು ನಡೆಸಿಕೊಡಿ ಎಂದು ಬೇಡಿಕೊಂಡರು. ಬರುವ ವಾರ ಪೇಟೆಗೆ ಕಾಯಿ ಹಾಕಲು ಬಂದಾಗ ನಮ್ಮ ಮಳಿಗೆಗೂ ಒಂದು ಗಳಿಗೆ ಬಂದು ಹೋಗಿ ಎಂದರು. ನಂಜಪ್ಪನವರು ಬಂದರು.

ಆ ದಿನದ ಕಥೆ ಹೇಳುವಾಗ ಹಂಸ ಇವತ್ತಿಗೂ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. ಅವರು ತಮ್ಮ ಮೇಲ್‌ನ ಹೆಸರು ಒತ್ತಿ, ಕುರ್ಚಿಯನ್ನು ನಂಜಪ್ಪನವರಿಗೆ ಬಿಟ್ಟು, ಆರು ಅಕ್ಷರಗಳನ್ನು ಒಂದೊಂದಾಗಿ ತೋರಿಸಿದರು. ಕಾಯಿ ಸುಲಿದು ಒರಟಾದ ತೋರುಬೆರಳಿನಿಂದ ನಂಜಪ್ಪನವರು ಒತ್ತಿದರು. ಮೇಲ್ ತೆರೆದುಕೊಂಡಿತು. ಈಗ ನನ್ನ ಹೆಸರಲ್ಲಿ ಏನು ಬೇಕಾದರೂ ಬರೆಯಿರಿ ಎಂದಾಗ, ಅವರು ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮೆಜಮಾನ್ರಿಗೆ ಬರೀವ. ಇವತ್ತು ಅಡ್ಗೆ ಮಾಡಾಕಿಲ್ಲ ಅಂತ," ಎಂದರು. ಅಕ್ಷರ ತೋರಿಸುವುದು ಇವರು, ಒತ್ತುವುದು ಅವರು. ಒಂದು ಸಾಲಿಗೆ ಕಾಲು ಗಂಟೆ ಹಿಡಿಯಿತು.

ಮಧ್ಯಾಹ್ನ ಶಾಲೆ ಬಿಟ್ಟಾಗ ಮೈಸೂರಿನ ತಮ್ಮನ ಮೇಲ್ ಬಂದಿದೆಯೇ ಎಂದು ನೋಡಲು ಸಂಪತ್ಕುಮಾರ ಮೇಷ್ಟ್ರು ದಿನಾ ಮಳಿಗೆಗೆ ಬರುವವರು. ಬಂದರು, ಮೂಲೆಯಲ್ಲಿ ಕೂತರು, ಓದಿದರು, ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದರು.

"ಅಡುಗೆ ಮಾಡಲ್ಲ ಅನ್ನೋದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಂಗೆ? ಇರ್ಲಿ, ಹೋಟ್ಲಿಂದ ಇಡ್ಲಿ ತರ್ಲಾ, ದೋಸೆನಾ?"

ನಂಜಪ್ಪನವರು ನಗಲಿಲ್ಲ. ಮೇಷ್ಟ್ರು ಇಡ್ಲಿ ತರಲು ಹೊರಟು ಹೋದ ಮೇಲೂ ಬಾಗಿಲ ಕಡೆಯೇ ನೋಡುತ್ತಿದ್ದರು. "ಎದುರ್ಗೇ ಕುಂತಿದ್ರೂ ಕಟ್ಕಂಡ್ ಗಂಡನೇ ನಂಬ್ಬುಟ್ರಲ್ಲ ಮೇಡಮ್ಮೋರೆ. ನನ್ ಮಗಿನ್ ಮಾತ್ನ ನಾನ್ ಒಂದಪನೂ ಕೇಳ್ಲಿಲ್ಲ."

ಆದರೆ ಎದ್ದು ನಿಂತವರೇ ಇನ್ನೊಂದು ಪಟ್ಟು ಹಾಕಿದರು. ಹಾಗಾದರೆ ಬರೆದವರು ಯಾರು? ಆ ಹೆಸರು ಹೇಳಿದರೆ ನಾಳೆಯೇ ಮಗಳನ್ನು ಕಳಿಸುತ್ತೇನೆ ಎಂದರು.

ಹಂಸ ಅವರಿಗೆ ಹೆಸರು ಗೊತ್ತಿತ್ತು. ಎರಡು ದಿನ ಮುಂಚೆ ಒಬ್ಬ ಹುಡುಗಿ ಇದೇ ಮಳಿಗೆಗೆ ಬಂದು, ತಮಾಷೆಗೆ ಮಾಡಿದೆ ಮಿಸ್ ಎಂದು ಬಿಕ್ಕಿ ಬಿಕ್ಕಿ ಅತ್ತು ಹೋಗಿದ್ದಳು. ಸೌಜನ್ಯಳ ಪಕ್ಕದ ಬೆಂಚಿನವಳು. ಹೆಸರು ಹೇಳಿದರೆ ಸೌಜನ್ಯ ಕಾಲೇಜಿಗೆ ಬರುತ್ತಾಳೆ, ಆ ಹುಡುಗಿ ಮನೆಯಲ್ಲಿ ಕೂರುತ್ತಾಳೆ.

"ಇಬ್ರೂ ನನ್ನ ಶಿಷ್ಯರೇ," ಎನ್ನುತ್ತಾರೆ ಹಂಸ. "ಹೇಳಲ್ಲ ಅಂದ್ರೆ ಸೌಜನ್ಯನ ಪರೀಕ್ಷೆ ಹೋಗುತ್ತೆ. ಕೊನೆಗೆ ಅಂದೆ, ನಂಜಪ್ಪನೋರೇ, ಎಲ್ಲ ಮಕ್ಕಳಿಗೂ ಒಂದೇ ಬೀಗ ಕೊಟ್ಟೋಳು ನಾನು. ನಿಮಗೊಂದು ಹೆಸರು ಬೇಕು ಅಂದ್ರೆ ನನ್ನ ಹೆಸರು ಇಟ್ಕೊಳಿ. ಬೈಯೋದಿದ್ರೆ ನನ್ನೇ ಬೈಯಿರಿ."

ನಂಜಪ್ಪನವರು ಬೈಯಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು. ಆ ಶುಕ್ರವಾರ, ಶನಿವಾರ, ಭಾನುವಾರ ಹಂಸ ಹೇಗೆ ಕಳೆದರೋ ಅವರಿಗೇ ಗೊತ್ತು. ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿನಿಂದ ಸೌಜನ್ಯ ಇಳಿದಳು. ಹಿಂದೆಯೇ ನಂಜಪ್ಪನವರು, ಮಗಳ ಪುಸ್ತಕದ ಚೀಲ ತಮ್ಮ ಹೆಗಲಿಗೇ ಹಾಕಿಕೊಂಡು. ಬಸ್ ನಿಲ್ದಾಣದಿಂದ ಕಾಲೇಜಿನ ಗೇಟಿನವರೆಗೂ ಊರೆಲ್ಲ ನೋಡುವ ಹಾಗೆ ಅವಳ ಜತೆ ನಡೆದರು. ಸೌಜನ್ಯ ಪರೀಕ್ಷೆ ಬರೆದಳು, ಪ್ರಥಮ ದರ್ಜೆಯಲ್ಲಿ ಪಾಸಾದಳು. ಈಗ ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದಾಳೆ.

ಅಷ್ಟಕ್ಕೆ ಸಮಾಧಾನ ಪಟ್ಟುಕೊಂಡಿದ್ದರೆ ಹಂಸ ಅವರ ಬಗ್ಗೆ ಬರೆಯುವ ಅಗತ್ಯ ಇರಲಿಲ್ಲ. ಮಳಿಗೆಯಲ್ಲಿ ಒಬ್ಬೊಬ್ಬರಿಗೂ ಮರೆಯಾಗಿದ್ದ ಪ್ಲೈವುಡ್ ಹಲಗೆಗಳನ್ನು ಮೊದಲು ಕೀಳಿಸಿದರು. ಮರೆ ಹೋದದ್ದೇ ತಡ, ಅರ್ಧಕ್ಕರ್ಧ ಗಿರಾಕಿಗಳು ಎದುರು ಬೀದಿಯ ಇಂಟರ್ನೆಟ್ ಅಂಗಡಿಗೆ ಹೊರಟುಹೋದರು. ಆಮೇಲೆ ಹಳೆಯ ಹಾಜರಿ ಪುಸ್ತಕ ತೆಗೆದು ಇನ್ನೂರ ಹನ್ನೆರಡು ಹೆಸರನ್ನೂ ಪಟ್ಟಿ ಮಾಡಿದರು. ಊರಲ್ಲೇ ಇದ್ದವರನ್ನು ಕರೆಸಿ ಬೀಗ ಬದಲಾಯಿಸಿದರು. ಉಳಿದವರು ಕೆಲಸಕ್ಕೆ, ಮದುವೆಯಾಗಿ, ಓದಲು ಎಲ್ಲೆಲ್ಲೋ ಚದುರಿದ್ದರು. ಭಾನುವಾರ ಬಂತೆಂದರೆ ಹಂಸ ಬಸ್ಸಿನಲ್ಲಿ. ಅರಕಲಗೂಡಿನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಷಡಕ್ಷರಿ, ಮೇಡಂ ಹಳೇ ಫೀಸು ಕೇಳಲು ಬಂದರೆಂದು ಹಿತ್ತಿಲ ಬಾಗಿಲಿನಿಂದ ಪರಾರಿಯಾಗಿದ್ದನಂತೆ.

ಇದರ ನಡುವೆ ಶಾಲೆಗಳು. ಶನಿವಾರ ಮಧ್ಯಾಹ್ನ ಚೀಲದಲ್ಲಿ ಒಂದು ಕೆಟ್ಟ ಕೀಬೋರ್ಡ್ ಹಾಕಿಕೊಂಡು ಹೊರಡುತ್ತಾರೆ, ಏಕೆಂದರೆ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರೇ ಇಲ್ಲ. "ನಮ್ಮ ಮಕ್ಕಳು ಅಂಥೋರಲ್ಲ" ಎಂದು ಬಾಗಿಲಲ್ಲೇ ಕೈಮುಗಿದ ಹೆಡ್‌ಮಾಸ್ಟರುಗಳೂ ಇದ್ದಾರೆ. ಹಂಸ ಮುಂದಿನ ತಿಂಗಳು ಮತ್ತೆ ಹೋಗುತ್ತಾರೆ. ನಾಲ್ಕು ತಾಲ್ಲೂಕಿನ ಮೂವತ್ತೊಂದು ಶಾಲೆ ಇದುವರೆಗೆ ಆಗಿದೆ. ಮಳಿಗೆಯಲ್ಲಿ ದಿನಕ್ಕೆ ನಾಲ್ಕು ತರಗತಿ, ಮೂವತ್ತೆಂಟು ಮಕ್ಕಳು. ಸಿಟ್ಟಲ್ಲಿ ಬರೆದದ್ದನ್ನು ಕಳಿಸುವ ಮುಂಚೆ ಬೀದಿಗೆ ಹೋಗಿ ಒಂದು ಸುತ್ತು ಹಾಕಿ ಬರಬೇಕು. ಇನ್ನೊಬ್ಬರ ಫೋಟೊ, ವಿಳಾಸ, ನಂಬರು ಅವರನ್ನು ಕೇಳದೆ ಯಾರಿಗೂ ಕೊಡಬಾರದು. ಹೆದರಿಕೆಯಾದರೆ ಮನೆಯಲ್ಲಿ ಹೇಳಬೇಕು, ಮನೆಯಲ್ಲಿ ಹೇಳಲಾಗದಿದ್ದರೆ ಮಿಸ್‌ಗೆ ಹೇಳಬೇಕು. ಇವು ಅವರ ಪಾಠ. ನಂಜಪ್ಪನವರು ಪ್ರತಿ ಜೂನ್‌ನಲ್ಲಿ ತಮ್ಮೂರಿನ ನಾಲ್ಕೈದು ಹೆಣ್ಣುಮಕ್ಕಳನ್ನು ಖುದ್ದಾಗಿ ಕರೆತಂದು ಸೇರಿಸುತ್ತಾರೆ. "ಮೊದ್ಲು ಇಲ್ ಕಲೀರಿ, ಆಮ್ಯಾಕೆ ಆ ಪೆಟ್ಗೆ ಮುಟ್ರಿ" ಎನ್ನುವುದು ಅವರ ಆಜ್ಞೆ.

ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಾಗ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಆ ಪಕ್ಕದ ಬೆಂಚಿನ ಹುಡುಗಿಯದ್ದು. ಅವಳು ಮದುವೆಯಾಗಿ ಕೊಣನೂರಿನಲ್ಲಿದ್ದಳು. ಹಂಸ ಮೂರು ಸಲ ಹೋದರೂ ಮನೆಯಲ್ಲಿಲ್ಲ ಎಂದು ಅತ್ತೆಯಿಂದ ಹೇಳಿಸಿದಳು. ಈ ಏಪ್ರಿಲ್‌ನಲ್ಲಿ ನಾಲ್ಕನೆಯ ಸಲ ಹೋಗಿ ವಾಪಸು ಬಸ್ಸಿಗೆ ಕಾಯುತ್ತಿದ್ದಾಗ, ಸಂತೆಯ ಜನರ ನಡುವಿನಿಂದ ಅವಳೇ ಓಡಿ ಬಂದಳು.

"ನನ್ನ ಬೀಗ ಅವತ್ತೇ ಬದ್ಲಾಯಿಸ್ಕೊಂಡಿದ್ದೆ ಮಿಸ್," ಎಂದಳಂತೆ. "ಎಷ್ಟು ಸಲೀಸಾಗಿ ತೆಗೀಬೋದು ಅಂತ ನನಗಿಂತ ಚೆನ್ನಾಗಿ ಯಾರಿಗ್ ಗೊತ್ತಿತ್ತು? ನಿಮ್ ಮುಖ ನೋಡೋಕೆ ಆಗ್ಲಿಲ್ಲ ಅಷ್ಟೇ." ಬಸ್ಸು ಬರುವವರೆಗೂ ಕೈ ಹಿಡಿದುಕೊಂಡೇ ಇದ್ದಳು. ಕೊನೆಗೆ, ಸೌಜನ್ಯಳಿಗೆ ಒಂದು ಕಾಗದ ಬರೆಯಬೇಕು, ಅವಳ ಮೇಲ್ ವಿಳಾಸ ಕೊಡಿ ಎಂದು ಕೇಳಿದಳು. ಹಂಸ ಅವರ ಕೈಚೀಲದಲ್ಲಿ ವಿಳಾಸ ಇತ್ತು. ಅವರು ಕೊಡಲಿಲ್ಲ. ಅವಳನ್ನು ಕೇಳಿ ತಿಳಿಸುತ್ತೇನೆ ಎಂದು ಬಸ್ಸು ಹತ್ತಿದರು.

ಸೌಜನ್ಯ ಉತ್ತರ ಕೊಡಲು ಎಂಟು ದಿನ ತೆಗೆದುಕೊಂಡಳು. ಒಂಬತ್ತನೆಯ ದಿನ ಹಾಸನದಿಂದ ಫೋನು ಬಂತು: "ಕೊಡಿ ಮಿಸ್." ಹಂಸ ವಿಳಾಸವನ್ನು ಕೊಣನೂರಿಗೆ ಕಳಿಸಿ, ಪಟ್ಟಿಯ ಕೊನೆಯ ಹೆಸರಿನ ಮುಂದೆ ಗುರುತು ಹಾಕಿದರು.

ಆಮೇಲೆ ಆ ಕಾಗದ ಬಂತೇ? ಅದರಲ್ಲೇನಿತ್ತು? ಸೌಜನ್ಯ ಏನು ಬರೆದಳು? ಕೇಳಿದರೆ ಹಂಸ ಅವರಿಗೆ ಆಶ್ಚರ್ಯವಾಗುತ್ತದೆ.

"ನನಗೆ ಹೇಗೆ ಗೊತ್ತಾಗುತ್ತೆ? ಅದು ಅವರಿಬ್ಬರ ಕಾಗದ. ನಾನು ಕೇಳಿಲ್ಲ."