ಬಚ್ಚಿಟ್ಟ ಆನೆ

ಮೊಮ್ಮಗಳು ನಿನ್ನೆ ನನ್ನ ಮೂಗಿನ ಮುಂದೆ ಮೊಬೈಲು ಹಿಡಿದಳು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ರಜೆಗೆ ಬಂಡೀಪುರಕ್ಕೆ ಹೋಗುವ ಬಸ್ಸಿನ ಸೀಟುಗಳಂತೆ ಅವು, ಬೆರಳಿಟ್ಟರೆ ನಮ್ಮವಾಗುತ್ತವಂತೆ. “ಅಜ್ಜಿ, ನಿಂಗೆ ಕಿಟಕಿನಾ?” ಎಂದಳು. ಆಮೇಲೆ ಏನೋ ನೆನಪಾದಂತೆ, “ಕಾಡಲ್ಲಿ ಆನೆ ನೋಡಿದೀಯಾ ನೀನು?” ಎಂದು ಕೇಳಿದಳು. “ನೋಡಿದೀನಿ” ಎಂದುಬಿಟ್ಟೆ. ಅವಳಿಗೆ ಅದೇನೂ ದೊಡ್ಡ ಸುದ್ದಿಯಾಗಲಿಲ್ಲ, ಬೆರಳಾಡಿಸುತ್ತ ಆಚೆ ಹೋದಳು. ಆ ಒಂದು ಮಾತನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಯಾಕೆ ಎನ್ನುತ್ತೀರಾ? ಹೊಟ್ಟೆಕಿಚ್ಚು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ?

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿಕಾರಿಪುರದಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರು, ಗೆಳತಿ ಗಿರಿಜೆ ಸೊರಬದಲ್ಲಿ. ಟ್ರೈನಿಂಗ್‌ನಲ್ಲಿ ಇಬ್ಬರೂ ಒಂದೇ ಕೋಣೆ, ಒಂದೇ ಕನ್ನಡಿ, ಒಬ್ಬಳಿಗೆ ಜ್ವರ ಬಂದರೆ ಇಬ್ಬರಿಗೂ ಗಂಜಿ. ಕೆಲಸ ಸಿಕ್ಕಾಗ ಸರ್ಕಾರ ನಮ್ಮಿಬ್ಬರ ನಡುವೆ ಶಿರಾಳಕೊಪ್ಪವನ್ನು ತಂದಿಟ್ಟಿತು. ಆ ಊರೇನು ಮಾಡಿತ್ತು ಪಾಪ, ಆದರೂ ಅದರ ಮೇಲೆ ನನಗೆ ಬಹುಕಾಲ ಸಿಟ್ಟಿತ್ತು. ವಾರಕ್ಕೊಂದು ಕಾಗದ ಬರೆದುಕೊಳ್ಳುತ್ತಿದ್ದೆವು, ಆ ಕಾಗದಗಳಲ್ಲೇ ಬಂಡೀಪುರದ ಪ್ರವಾಸ ಹುಟ್ಟಿದ್ದು. ಎರಡೂ ಶಾಲೆಯ ಟೀಚರುಗಳು ಸೇರಿ ಬೇಸಿಗೆ ರಜೆಯಲ್ಲಿ ಒಂದು ಬಸ್ಸು ಗೊತ್ತುಮಾಡುವುದು. ಸೊರಬದಿಂದ ಹೊರಟು, ಶಿಕಾರಿಪುರದಲ್ಲಿ ನಮ್ಮನ್ನು ಹತ್ತಿಸಿಕೊಂಡು, ಮೈಸೂರಿನ ಮೇಲೆ ಕಾಡಿಗೆ. ನಮ್ಮವ್ವ ಕೇಳಿ ನಕ್ಕಳು. “ಸೊರಬದಾಗ ಕಾಡಿಲ್ಲೇನು? ಕಾಡಿನೋರೇ ಕಾಡು ನೋಡಾಕ ಬಸ್ ಮಾಡ್ಕೊಂಡು ಹೋಗ್ತಾರಂತ!” ಅವಳಿಗೇನು ಗೊತ್ತು. ನಮಗೆ ಕಾಡು ಬೇಕಾಗಿರಲಿಲ್ಲ, ಒಂದೇ ಸೀಟಿನಲ್ಲಿ ಮೂರು ದಿನ ಕೂತು ಮಾತಾಡಬೇಕಾಗಿತ್ತು.

ಎಷ್ಟು ತಯಾರಿ ಅಂತೀರಿ! ಕೆಂಪು ಸೀರೆ ಉಟ್ಟರೆ ಕಾಡುಕೋಣ ಮೇಲೆ ಬೀಳುತ್ತದೆಯೋ ಇಲ್ಲವೋ ಎಂಬುದಕ್ಕೆ ಎರಡು ಕಾಗದ ಖರ್ಚಾದವು. ರವೆ ಉಂಡೆ ಒಯ್ಯಬಹುದು, ಶೇಂಗಾ ಉಂಡೆ ಬೇಡ, ಬೆಲ್ಲದ ವಾಸನೆಗೆ ಆನೆ ಬಸ್ಸು ಅಡ್ಡಗಟ್ಟುತ್ತದೆ ಎಂದು ಗಿರಿಜೆಯ ತೀರ್ಮಾನ. ಸೀಟಿನ ವಿಷಯವೂ ಇತ್ಯರ್ಥವಾಗಿತ್ತು: “ಕಿಟಕಿ ಹೋಗ್ತಾ ನಿಂಗೆ, ಬರ್ತಾ ನಂಗೆ.” ಆ ಕಾಗದವನ್ನು ಎಷ್ಟು ಸಲ ಬಿಚ್ಚಿ ಓದಿದ್ದೆನೆಂದರೆ ಮಡಿಕೆಯಲ್ಲಿ ಹರಿದೇ ಹೋಯಿತು.

ಅಷ್ಟರಲ್ಲಿ ವಿಮಲಾ ಬಂದಳು. ಸೊರಬದ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಟೀಚರು. ಗಿರಿಜೆಯ ಮೊದಲ ಕಾಗದದಲ್ಲಿ ‘ವಿಮಲಾ ಅಂತ ಬಂದಿದಾರೆ, ಪಾಪ, ಅವರಿಗೆ ಊರು ಹೊಸದು’ ಎಂದಿತ್ತು. ಮೂರನೆಯ ಕಾಗದಕ್ಕೆ ‘ಅವರು’ ಹೋಗಿ ‘ಅವಳು’ ಆಗಿತ್ತು. ಗಿರಿಜೆ ನನ್ನನ್ನು ಏಕವಚನದಲ್ಲಿ ಕರೆಯಲು ಅರ್ಧ ವರ್ಷ ಹಿಡಿದಿತ್ತು. ಈ ವಿಮಲಾಳಿಗೆ ಮೂರೇ ವಾರ! ಆಮೇಲಿನ ಕಾಗದಗಳಲ್ಲಿ ಅವಳದೇ ದರಬಾರು. ವಿಮಲಾ ಒಳ್ಳೆ ಹಾಡ್ತಾಳೆ, ವಿಮಲಾ ಮಾಡಿದ ಮಾವಿನಕಾಯಿ ಅಪ್ಪೆಹುಳಿ ಉಣ್ಣಬೇಕು ನೀನು. ನಾನು ಆಕೆಯ ಮುಖವನ್ನೇ ನೋಡಿರಲಿಲ್ಲ, ಆದರೂ ಹುಳಿ ಎಂದರೆ ಹಲ್ಲು ಕಡಿಯುವಂತಾಗುತ್ತಿತ್ತು. ಕೊನೆಗೆ ಬಂತು ನೋಡಿ ಆ ಕಾಗದ: “ವಿಮಲಾಗೆ ಬಸ್ಸಲ್ಲಿ ವಾಂತಿ ಆಗ್ತದಂತೆ ಮಾರಾಯ್ತಿ. ಕಿಟಕಿ ಅವಳಿಗೆ ಬಿಡುವ. ಮೂರು ಜನದ ಸೀಟು ಹಿಡಿತೀನಿ. ನಡುವೆ ನಾನು, ಈಚೆಗೆ ನೀನು.”

ಈಚೆಗೆ ನಾನು! ಕಂಡಕ್ಟರನ ಮೊಣಕೈ ತಾಗುವ ಕಡೆಗೆ. ಅವತ್ತು ಊಟ ಸೇರಲಿಲ್ಲ.

ಕಾಡಿನ ಬಂಗಲೆಯಲ್ಲಿ ಉಳಿಯಲು ಮೊದಲೇ ಹೆಸರು ಬರೆದು ಕಳಿಸಿ ಅಪ್ಪಣೆ ತರಿಸಿಕೊಳ್ಳಬೇಕಿತ್ತು. ನನ್ನ ಅಕ್ಷರ ಚೆಂದವೆಂದು ಹೆಡ್‌ಮೇಡಂ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಸೊರಬದವರ ಹೆಸರನ್ನೂ ನಾನೇ ಸೇರಿಸಿ ಶುದ್ಧಪ್ರತಿ ಮಾಡಬೇಕು. ಒಂದೊಂದೇ ಹೆಸರು ಮುತ್ತಿನಂತೆ ಬರೆದೆ. ವಿಮಲಾಳ ಹೆಸರು ಬಂದಾಗ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಮುಂದಿನ ಹೆಸರು ಬರೆದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಹೇಳಿಕೊಳ್ಳಲು ಈಗಲೂ ಆಸೆ, ಆದರೆ ನಡುಗಲಿಲ್ಲ.

ಅಪ್ಪಣೆ ಬಂತು, ಪಟ್ಟಿಯಲ್ಲಿದ್ದವರಿಗೆ ಮಾತ್ರ. ಹೆಡ್‌ಮೇಡಂ ಕೇಳಿದಾಗ, “ನಾನು ಬರ್ದಿದ್ದೆನಲ್ರೀ, ಅಲ್ಲೇ ಬಿಟ್ಟುಹೋಗಿರಬೇಕು” ಎಂದೆ. ಮತ್ತೆ ಬರೆದು ತರಿಸಲು ದಿನವಿರಲಿಲ್ಲ. ಗಿರಿಜೆಗೆ ಎರಡು ಸಾಲು ಸಂತಾಪ ಬರೆದು ಹಾಕಿದೆ. ಆಕೆಯಿಂದ ಉತ್ತರ ಬರಲಿಲ್ಲ.

ಹೊರಡುವ ಬೆಳಗ್ಗೆ ಶಿಕಾರಿಪುರದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದೆ. ಬಸ್ಸು ಬಂತು, ಹತ್ತಿದೆ. ಮುಂದುಗಡೆ ಎಡಕ್ಕೆ ಇಬ್ಬರ ಸೀಟಿನ ಮೇಲೆ ಗಿರಿಜೆಯ ನೀಲಿ ಟವೆಲು ಹಾಸಿತ್ತು, ಗಿರಿಜೆ ಇರಲಿಲ್ಲ. ಸೊರಬದ ಹಿರಿಯ ಟೀಚರು ಒಂದು ಡಬ್ಬಿ ಕೊಟ್ಟು ಹೇಳಿದರು: “ಆ ವಿಮಲಾ ಊರಲ್ಲಿ ಒಬ್ಬಳೇ ಆಗ್ತಾಳೆ ಅಂತ ಗಿರಿಜಾ ಹಿಂದೆ ಸರಿದಳು ಕಣ್ರೀ. ಸೀಟು ಎರಡೂ ನಿಮಗೇ ಅಂತೆ. ಆರಾಮಾಗಿ ಹೋಗಿಬರಬೇಕಂತೆ.” ಡಬ್ಬಿಯಲ್ಲಿ ರವೆ ಉಂಡೆ.

ಮೈಸೂರಿನವರೆಗೂ ಕಿಟಕಿ ನನ್ನದೇ. ಯಾರೋ ಪಕ್ಕಕ್ಕೆ ಬಂದರೆ ಟವೆಲು ತೋರಿಸಿ ಕಳಿಸಿದೆ. ಮರುದಿನ ಕಾಡಿನ ನಡುವೆ ಬಸ್ಸು ನಿಧಾನಕ್ಕೆ ಹೋಗುತ್ತಿತ್ತು. ಬಲಗಡೆ ಜಿಂಕೆ ಕಂಡವೆಂದು ಎಲ್ಲರೂ ಆ ಬದಿಗೆ ಮುಗಿಬಿದ್ದಿದ್ದರು. ನಾನು ಮುನಿಸಿಕೊಂಡವಳಂತೆ ಎಡಕ್ಕೇ ನೋಡುತ್ತಿದ್ದೆ. ಒಣಗಿದ ಬಿದಿರಮೆಳೆಯ ಹಿಂದೆ ಆನೆ ನಿಂತಿತ್ತು. ಅದರ ಕಾಲ ಸಂದಿಯಲ್ಲಿ ಮರಿ. ತಾಯಿ ಮಣ್ಣು ತೂರಿಕೊಂಡರೆ ಮರಿಯೂ ಸೊಂಡಿಲೆತ್ತಿ ತೂರುತ್ತಿತ್ತು, ಮಣ್ಣೆಲ್ಲ ಅದರ ಕಣ್ಣಿಗೇ. “ಗಿರಿಜಾ, ನೋಡೇ!” ಎಂದು ಪಕ್ಕಕ್ಕೆ ಕೈ ಹಾಕಿದೆ. ಕೈಗೆ ಟವೆಲು ಸಿಕ್ಕಿತು. ಬಸ್ಸು ಮುಂದೆ ಹೋಯಿತು. ನಾನು ಬೇರೆ ಯಾರನ್ನೂ ಕರೆಯಲಿಲ್ಲ.

ಊರಿಗೆ ಬಂದ ಮೇಲೆ ಗಿರಿಜೆ ಸಿಕ್ಕಳು. “ಏನೇನು ಕಂಡ್ಯೇ? ಆನೆ?” ಎಂದು ಕಣ್ಣರಳಿಸಿದಳು. ನಾಚಿಕೆಯಿಂದ ಹೇಳಲಿಲ್ಲ ಎಂದರೆ ಅರ್ಧ ನಿಜ. ಗಿರಿಜೆಗೆ ಹೇಳಿದ್ದು ಸಂಜೆಯೊಳಗೆ ವಿಮಲಾಳಿಗೆ ತಲುಪುತ್ತದೆ. ನನ್ನ ಆನೆಯನ್ನು ಅವಳಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. “ಆನೆನೂ ಇಲ್ಲ ಏನಿಲ್ಲ, ನಾಲ್ಕು ಜಿಂಕೆ” ಎಂದೆ. “ಅಯ್ಯೋ ಪಾಪ, ಅಷ್ಟು ದೂರ ಹೋಗಿ!” ಎಂದು ನನ್ನ ಕೈ ಸವರಿದಳು. “ಮುಂದಿನ ಸಲ ಮೂವರೂ ಹೋಗುವ.” ಮುಂದಿನ ಸಲ ಬರಲೇ ಇಲ್ಲ. ಮದುವೆ, ವರ್ಗ, ಬಾಣಂತನ, ಮಕ್ಕಳ ಪರೀಕ್ಷೆ. ನನ್ನ ಗಂಡನಿಗೂ ಆನೆಯ ಸುದ್ದಿ ಹೇಳಲಿಲ್ಲ, ಎಲ್ಲಿ ಗಿರಿಜೆಯ ಮುಂದೆ ಬಾಯಿಬಿಡುತ್ತಾರೋ ಎಂದು.

ನಿನ್ನೆ ಮೊಮ್ಮಗಳು ಅತ್ತ ಹೋದ ಮೇಲೆ ಕನ್ನಡಕ ಹಾಕಿಕೊಂಡು ನಂಬರು ಹುಡುಕಿದೆ. ಆಮೇಲೆ ಸೊರಬಕ್ಕೆ ಫೋನು ಮಾಡಿದೆ. ಗಿರಿಜೆಗೆ ಈಗ ಕಿವಿ ಮಂದ, ಕೂಗಿಯೇ ಹೇಳಬೇಕು.

“ಗಿರಿಜಾ, ಬಂಡೀಪುರದಾಗ ನಾನು ಆನೆ ನೋಡಿದ್ದೆ ಕಣೇ!”

ಸುಳ್ಳು ಹೇಳಿದ್ದಕ್ಕೆ ಬೈಯುತ್ತಾಳೆ ಎಂದುಕೊಂಡೆ. “ಮರಿ ಇತ್ತೇನೇ?” ಎಂದಳು, ಹಳೆಯ ದನಿಯಲ್ಲೇ.

“ಇತ್ತು.”

“ತಡಿ, ತಡಿ ಮಾರಾಯ್ತಿ. ವಿಮಲಾ ಇಲ್ಲೇ ಬಂದು ಕೂತಿದಾಳೆ. ಅವಳೂ ಕೇಳ್ಲಿ. ಮೊದಲಿಂದ ಹೇಳು.”

ಈ ವಯಸ್ಸಿನಲ್ಲೂ ಅದೇ ಹೊಟ್ಟೆಕಿಚ್ಚು, ನಗಬೇಡಿ. ಕುರ್ಚಿ ಎಳೆದ ಸದ್ದು, ಯಾರೋ ಕೆಮ್ಮಿದ್ದು ಕೇಳಿತು. “ಹೇಳ್ರೀ ಅಕ್ಕ,” ಎಂದಳು ವಿಮಲಾ, “ನಾನಂತೂ ಆ ಕಾಡು ನೋಡ್ಲೇ ಇಲ್ಲ.”

ಆನೆಯಿಂದಲೇ ಶುರುಮಾಡಬಹುದಿತ್ತು. ಇಬ್ಬರೂ ಖುಷಿಯಿಂದ ಕೇಳುತ್ತಿದ್ದರು. ಬಾಯಿಗೆ ಬಂದಿದ್ದ ಬಿದಿರಮೆಳೆಯನ್ನು ನುಂಗಿಕೊಂಡೆ.

“ವಿಮಲಾ,” ಎಂದೆ, “ಆ ಪಟ್ಟಿ ಬರೆದವಳು ನಾನು. ನಿನ್ನ ಹೆಸರು ಬರೀಲಿಲ್ಲ.”